ಸುಮನಳ ಹಸಿರು ಚುಕ್ಕೆ

ಸುಮನಳ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಹೊತ್ತಿಕೊಂಡಿತು. ಆನ್‌ಲೈನ್ ಪಾಠ ಹೇಳುತ್ತಿದ್ದ ಸುವರ್ಣಾ ಟೀಚರ್ ಅರ್ಧ ಮಾತಿಗೇ ನಿಂತಳು. ಅತ್ತಿವೇರಿಯ ಆ ಹುಡುಗಿ ಜ್ವರದಿಂದ ತೀರಿಹೋಗಿ ವಾರವಾಗಿತ್ತು. ಪಟ್ಟಿಯಿಂದ ಹೆಸರು ಅಳಿಸಲು ಸುವರ್ಣಾಗೆ ಮನಸ್ಸು ಬಂದಿರಲಿಲ್ಲ.

ಚುಕ್ಕೆ ಸುವರ್ಣಾಳದೇ ಕೈಕೆಲಸ. ಪಾಠದ ಪುಟ ಮಕ್ಕಳ ಕಣ್ಣೆದುರು ತೆರೆದಿದ್ದರೆ ಹಸಿರು. ಬೇರೆ ಟ್ಯಾಬಿಗೆ ಜಾರಿದರೆ, ಫೋನಿನ ಪರದೆ ಕಪ್ಪಾದರೆ, ಆರಬೇಕು. ಕಳ್ಳಾಟದವರನ್ನು ಹಿಡಿಯಲೆಂದೇ ಜಾವಾಸ್ಕ್ರಿಪ್ಟ್‌ನಲ್ಲಿ ಅದನ್ನು ಆರಿಸುವ ಕೋಡಿನ ಸಾಲು ಬರೆದು ಬೀಗಿದ್ದಳು. ಈಗ ಅದು ಆರುತ್ತಿತ್ತು, ಮತ್ತೆ ಹೊತ್ತುತ್ತಿತ್ತು.

"ಯಾರದು?" ಎಂದಳು.

"ನಾನ್ರಿ, ಸೋಮಿಬಾಯಿ. ಸುಮನಳ ಅವ್ವ. ಹಸರ ಇದ್ರ ನಾ ಅದೇನಿ ಅಂತ ಟೀಚರ್‌ಗೆ ಗೊತ್ತಾಕೈತಿ ಅಂತಿದ್ಲ್ರಿ ಅಕಿ. ಅಕಿ ತೀರಿದ ಜಾಗಾದಾಗ ಹಚ್ಚಿದ ದೀಪಕ್ಕ ಎಣ್ಣಿ ಹಾಕ್ತೇನ್ರಿ. ಇದು ನೋಡ್ರಿ, ಪರದಿ ಮ್ಯಾಲಿನ ಬೆರಳ ತಗದ್ರ ಫೋನ್ ಕಪ್ಪಾಗಿ ಆರತೈತಿ. ಇದಕ್ಕ ಏನ್ ಹಾಕ್ಲಿ?"

ಸುವರ್ಣಾ ತಾನು ಬರೆದ ಕೋಡ್ ತೆರೆದಳು. ಚುಕ್ಕೆಯನ್ನು ಆರಿಸುವ ಸಾಲು ಹುಡುಕಿ ಅಳಿಸಿದಳು.

"ಈಗ ಬೆರಳ ತಗೀರಿ, ಯವ್ವಾ," ಎಂದಳು.