ಹೆಂಡತಿ ಮುಂದಿನ ಪ್ರಶ್ನೆ

“ಎಂಡ್ತಿ ಮುಂದೆ ಪ್ರಶ್ನೆ ಗುರ್ತು ಯಾಕ್ರೀ ಆಕಿದ್ದೀರಿ?” ಗಂಡನ ನೋಟ್‌ಬುಕ್ ಎತ್ತಿಹಿಡಿದು ಕೋಮಲ ಕೇಳಿದಳು.

ಯಳಂದೂರಿನ ಕುಟುಂಬಗಳ ಪಟ್ಟಿ ಓದುವ ಪ್ರೋಗ್ರಾಂಗೆ ಉದಯಕುಮಾರ ನಿಯಮ ಬರೆಯುತ್ತಿದ್ದ. “ಅದು ಕಂಪ್ಯೂಟರ್‌ಗೆ ಕಣೇ. ಪ್ರಶ್ನೆ ಆಕುದ್ರೆ ಇದ್ರೂ ಸರಿ, ಇಲ್ದಿದ್ರೂ ಸರಿ. ಮಗು ಮುಂದೆ ನಕ್ಷತ್ರ ಅದೆಯಲ್ಲ, ಅದುಕ್ಕೆ ಒಂದೂ ಇಲ್ದೆ ಇರ್ಬೋದು, ಎಷ್ಟಾದ್ರೂ ಇರ್ಬೋದು. ಪ್ಲಸ್ ಆಕುದ್ರೆ ಒಂದಂತೂ ಇರ್ಲೇಬೇಕು.”

“ಎಂಡ್ತಿ ಇಲ್ದಿದ್ರೂ ಸರೀನಾ? ಅಂಗಾರೆ ಹನೂರಿಗೆ ನಮ್ಮವ್ವನ್ ಮನೆಗೆ ಓಯ್ತೀನಿ. ಕಂಪ್ಯೂಟರೇ ಮುದ್ದೆ ಕಟ್ಟಾಕ್ಲಿ!”

ಪೆನ್ನು ಕಿತ್ತುಕೊಂಡು ಪ್ರಶ್ನೆಯನ್ನು ಹೊಡೆದುಹಾಕಿದಳು. ಅವನು ನಕ್ಕ. ಪೆನ್ನು ಅಲ್ಲಿಗೇ ನಿಲ್ಲದೆ ಮಗುವಿನ ನಕ್ಷತ್ರವನ್ನೂ ಹೊಡೆದು, ಪಕ್ಕದಲ್ಲಿ ನಿಧಾನವಾಗಿ ಪ್ಲಸ್ ಎಳೆಯಿತು.

ಉದಯಕುಮಾರನ ನಗು ಅರ್ಧಕ್ಕೇ ನಿಂತಿತು. “ನಿಜವೇನೇ?”

“ಮತ್ತೆ ಪ್ರಶ್ನೇನಾ? ಡಾಕ್ಟ್ರಮ್ಮನೇ ಔದು ಅಂದವ್ರೆ ಕಣ್ರಿ!”