ಸಂಶೋಧನಾ ಕಟ್ಟೆ

"ಎಳೀರಿ ಮೇಡಂ, ಸ್ವಲ್ಪ ಜೋರಾಗೇ ಎಳೀರಿ," ಎಂದು ಬಡಾವಣೆ ಸಂಘದ ಅಧ್ಯಕ್ಷ ಶಿವರಾಮ್ ಪರದೆಯ ದಾರವನ್ನು ಮಣ್ಣಿನ ವಿಜ್ಞಾನಿ ಡಾ. ಸಂಘಮಿತ್ರಾಳ ಕೈಗೆ ಕೊಟ್ಟರು. ಅವಳ ತಲೆಗೆ ಆಗಲೇ ಮೈಸೂರು ಪೇಟ ಏರಿತ್ತು. ಹೆಗಲಿಗೆ ಶಾಲು, ಕೊರಳಿಗೆ ಗಂಧದ ಹಾರ. ಹಿಂದಿನದನ್ನೆಲ್ಲ ಮರೆಮಾಡಿದ್ದ ದೊಡ್ಡ ಪರದೆ ಸರಿಯಿತು. ಕರಿಕಲ್ಲಿನ ಮೇಲೆ ಚಿನ್ನದ ಬಣ್ಣದ ಅಕ್ಷರಗಳು: 'ಮಣ್ಣಿನ ಮಗಳು ಡಾ. ಸಂಘಮಿತ್ರಾ ಸಂಶೋಧನಾ ಕಟ್ಟೆ'. ಜೆ.ಪಿ. ನಗರದ ಆ ಪಾರ್ಕಿನಲ್ಲಿ ಸೇರಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ ಶಿವರಾಮ್ ಅವರ ತಾಯಿ ಮುನಿಲಕ್ಷ್ಮಮ್ಮ ಕಣ್ಣು ಮಂಜಾಗಿ ಸರಿಯಾಗಿ ಕಾಣದಿದ್ದರೂ ತಟ್ಟಿದರು. ಪಾರ್ಕಾಗುವ ಮುಂಚೆ ಇದು ಅವರದೇ ರಾಗಿ ಹೊಲ.

ಸಂಘಮಿತ್ರಾ ನೋಡಿದ್ದು ಕಲ್ಲನ್ನಲ್ಲ, ಕಲ್ಲಿನ ಹಿಂದಿನ ಜಾಗವನ್ನು. ಅಲ್ಲಿ ಎರಡು ಹೊಂಗೆ ಮರಗಳ ನಡುವೆ ಅವಳ ಮೂಲೆ ಇರಬೇಕಿತ್ತು. ಉದುರಿದ ಎಲೆಯನ್ನು ಗುಡಿಸದೆ, ಸುಡದೆ ಹಾಗೇ ಬಿಟ್ಟರೆ ಊರಿನ ನಡುವಿನ ಮಣ್ಣು ಎಷ್ಟು ಇಂಗಾಲವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮರಕ್ಕೆ ಎಷ್ಟು ಸಾರ ಹಿಂದಿರುಗಿಸುತ್ತದೆ ಎಂದು ಹತ್ತು ವರ್ಷದಿಂದ ಅವಳು ಅಲ್ಲಿಯ ಮಣ್ಣನ್ನೇ ತೆಗೆದು ಅಳೆಯುತ್ತಿದ್ದಳು. ಜಿಮ್ಮು, ವೇದಿಕೆ, ವಾಕಿಂಗ್ ಟ್ರ್ಯಾಕು, ಪ್ಲಾಸ್ಟಿಕ್ ಹುಲ್ಲು ಎಲ್ಲ ಸೇರಿ ಇಡೀ ಪಾರ್ಕನ್ನು ನುಂಗಿದರೂ ಆ ಮೂಲೆ ಮಾತ್ರ ಹೇಗೋ ಉಳಿದುಕೊಂಡಿತ್ತು. ಈ ಮಳೆಗಾಲದ ಮಣ್ಣು ಸಿಕ್ಕಿದ್ದರೆ ಕೆಲಸ ಮುಗಿಯುತ್ತಿತ್ತು. ಈಗ ಅಲ್ಲೊಂದು ಗಿಡ್ಡ ಕಟ್ಟೆ, ಅದರ ಸುತ್ತ ಮರದ ಬುಡ ಮುಟ್ಟುವ ತನಕ ಕೆಂಪು ಟೈಲ್ಸು. ಹತ್ತು ವರ್ಷದ ಕೆಲಸ ಮಣ್ಣುಪಾಲಾಗಿದ್ದರೆ ಅವಳು ಸಂತೋಷವೇ ಪಡುತ್ತಿದ್ದಳೇನೋ. ಇದು ಸಿಮೆಂಟಿನ ಪಾಲಾಗಿತ್ತು.

"ನನ್ನ ಮಣ್ಣೆಲ್ಲಿ ಶಿವರಾಮ್ ಅವರೇ?"

"ಅದ್ರ ಮೇಲೇ ಕಟ್ಟಿರೋದು ಮೇಡಂ! ಸರ್‌ಪ್ರೈಸ್ ಇರ್ಲಿ ಅಂತ ನಿಮಗೆ ಹೇಳಿರ್ಲಿಲ್ಲ. ಕೆಳಗೆ ಅರ್ಧ ಅಡಿ ಕಾಂಕ್ರೀಟ್ ಹಾಕ್ಸಿದೀನಿ. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ."

"ಎಲೆ ಗುಡಿಸ್ಬೇಡಿ, ಮಣ್ಣು ತುಳೀಬೇಡಿ ಅಂತ ಬೋರ್ಡ್ ಹಾಕಿದ್ನಲ್ರೀ!"

"ಅದಕ್ಕೇ ಮೇಡಂ ಮಾಡಿದ್ದು! ಎಷ್ಟು ಹೇಳಿದ್ರೂ ಜನ ನಾಯಿ ಹಿಡ್ಕೊಂಡು ಬಂದು ತುಳಿದಾಡೋರು. ಇನ್ಮೇಲೆ ಯಾರಪ್ಪ ಬಂದ್ರೂ ನಿಮ್ಮ ಮಣ್ಣು ತುಳಿಯೋ ಹಾಗಿಲ್ಲ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಹಾಗಾಗಿತ್ತು. ಅದನ್ನೂ ಆ ಮನುಷ್ಯ ಪ್ರೀತಿಯಿಂದಲೇ ಮಾಡಿದ್ದ. ಸಂಘಮಿತ್ರಾಳ ಮೈ ಉರಿದದ್ದು ಅದಕ್ಕೇ. ಹಾಳುಮಾಡಿದವನು ಕಳ್ಳನಾಗಿದ್ದರೆ ಬಾಯಿತುಂಬ ಬೈಯಬಹುದಿತ್ತು. ಕೈಮುಗಿದು ನಗುತ್ತಾ ನಿಂತವನನ್ನು ಏನೆಂದು ಬೈಯುವುದು?

"ಅದು ಉಸಿರಾಡ್ತಿತ್ತು ಕಣ್ರೀ," ಎಂದಳು. ಭಾಷಣಕ್ಕೆಂದು ಕೈಗೆ ಕೊಟ್ಟಿದ್ದ ಮೈಕಿನಲ್ಲಿ ಅದು ಎಲ್ಲರಿಗೂ ಕೇಳಿಸಿತು. "ಒಂದು ಬೊಗಸೆ ತೆಗೆದ್ರೆ ಎರೆಹುಳ ಹರಿದಾಡೋವು. ನೀವು ಅದರ ಮೂಗು ಬಾಯಿ ಎಲ್ಲ ಮುಚ್ಚಿ, ಮೇಲೆ ನನ್ನ ಹೆಸರು ಬರೆಸಿದ್ದೀರಿ."

ಶಿವರಾಮ್ ಮೈಕಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ, "ಬೇಜಾರ್ ಮಾಡ್ಕೋಬೇಡಿ ಮೇಡಂ. ಮಣ್ಣು ತಾನೆ? ಎಷ್ಟು ಬೇಕು ಹೇಳಿ. ಗೊಟ್ಟಿಗೆರೆ ಹತ್ರ ನಮ್ಮ ಹುಡುಗರು ಪಾಯ ತೆಗೀತಾವ್ರೆ, ನಾಳೆನೇ ಎರಡು ಲೋಡ್ ನಿಮ್ಮ ಲ್ಯಾಬ್ ಮುಂದೆ ಸುರಿಸ್ತೀನಿ," ಎಂದರು.

ಸಂಘಮಿತ್ರಾ ತಲೆಯ ಪೇಟ ತೆಗೆದು ಶಿವರಾಮ್ ಕೈಗೆ ಕೊಟ್ಟಳು. ಹೆಗಲ ಶಾಲನ್ನು ಬಿಡಿಸಿ, ಕಟ್ಟೆಯ ಮೇಲೆ ಉದ್ದಕ್ಕೆ ಹಾಸಿ, ನಾಲ್ಕೂ ಮೂಲೆ ಸರಿಮಾಡಿದಳು. ಅದರ ಮೇಲೆ ಕೊರಳಿನ ಹಾರವನ್ನು ಇಟ್ಟಳು. ಫೋಟೋ ತೆಗೆಯುತ್ತಿದ್ದವರ ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು.

ಮುನಿಲಕ್ಷ್ಮಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ಹೊದಿಸಿದ ಬಟ್ಟೆ, ಮೇಲೆ ಹಾರ, ಸುತ್ತ ತಲೆತಗ್ಗಿಸಿ ನಿಂತ ಜನ.

"ಯಾರವ್ವಾ ಹೋಗಿದ್ದು?"

"ನಿಮ್ಮ ಹೊಲ ಅಜ್ಜಿ," ಎಂದಳು ಸಂಘಮಿತ್ರಾ. ಆಮೇಲೆ ಜನರ ಕಡೆ ತಿರುಗಿ, "ಬನ್ನಿ, ಎಲ್ರೂ ಒಂದೊಂದು ಹಿಡಿ ಮಣ್ಣು ಹಾಕಿ ಹೋಗಿ," ಎಂದಳು.

ಯಾರೂ ಅಲುಗಾಡಲಿಲ್ಲ. ಮುನಿಲಕ್ಷ್ಮಮ್ಮ ಮಾತ್ರ ಕುರ್ಚಿಯ ಕೈ ಹಿಡಿದು ಎದ್ದರು. ಊರಿನ ಎಷ್ಟೋ ಜನರನ್ನು ಮಣ್ಣು ಮಾಡಿ ಬಂದ ಜೀವ ಅದು, ಕರೆದ ಮೇಲೆ ಕೂರುವುದು ಗೊತ್ತಿಲ್ಲ. ಸೆರಗು ಸಿಕ್ಕಿಸಿಕೊಂಡು ಬಗ್ಗಿ ನೆಲಕ್ಕೆ ಕೈ ಹಾಕಿದರು. ಟೈಲ್ಸಿನ ಮೇಲೆ ಉಗುರು ಗೀರಿತು. ಆ ಕಡೆ ತಡವಿದರು, ಈ ಕಡೆ ತಡವಿದರು, ಹೊಂಗೆಯ ಬುಡದ ತನಕ ಬಗ್ಗಿಕೊಂಡೇ ಹೋಗಿ ತಡವಿದರು. ಕೊನೆಗೆ ಬರಿಗೈಯನ್ನು ಮೇಲೆತ್ತಿ ಹಿಡಿದು ಮಗನನ್ನು ಕೇಳಿದರು:

"ಮಣ್ಣೆಲ್ಲೋ ಶಿವರಾಮ?"