ನಿಂಬೆ ಗಿಡಕ್ಕೆ ನೀರು ನಿಲ್ಲಿಸಿದ ಇಪ್ಪತ್ತು ದಿನ

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಮನೆಯಲ್ಲಿ ಮಕ್ಕಳಿರುವವರು ಮೂರು ನಿಮಿಷ ತೆಗೆದುಕೊಳ್ಳಿ.

ಇದು ಇಂಡಿ ಪಟ್ಟಣದಲ್ಲಿ, ನಮ್ಮ ಪಕ್ಕದ ಮನೆಯಲ್ಲೇ ನಡೆದದ್ದು.

ಆ ಮನೆಯ ಕಸ್ತೂರಿ ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಒಬ್ಬಳೇ ಮಗಳು, ಸೃಷ್ಟಿ. ಅಂಗಳದಲ್ಲಿ ಒಂದೇ ನಿಂಬೆ ಗಿಡ.

ಸೃಷ್ಟಿಗೆ ಏಳನೇ ವಯಸ್ಸಿಗೇ ಶುಗರ್ ಬಂತು... ಅಂದಿನಿಂದ ಪ್ರತಿ ಊಟಕ್ಕೂ ಮೊದಲು ಇನ್ಸುಲಿನ್ ಸೂಜಿ. ಗಿಡ ನೆಟ್ಟದ್ದೂ ಅದೇ ವರ್ಷ.

ಮಗಳು, ಗಿಡ ಎರಡನ್ನೂ ಕಸ್ತೂರಿ ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು. ಮಧ್ಯಾಹ್ನದ ಸೂಜಿ ಹಾಕಲು ಆಫೀಸಿನಿಂದ ಶಾಲೆಗೆ ಓಡುತ್ತಿದ್ದಳು. ಗಿಡಕ್ಕೆ ಬೆಳಿಗ್ಗೆ ಒಂದು ಬಕೆಟ್ ನೀರು, ಸಂಜೆ ಒಂದು ಬಕೆಟ್.

ಗಿಡ ಕಾಂಪೌಂಡಿಗಿಂತ ಎತ್ತರ ಬೆಳೆಯಿತು. ಹಸಿರು ಅಂದರೆ ಹಸಿರು! ಆದರೆ ಎಂಟು ವರ್ಷವಾದರೂ ಒಂದು ಹೂವಿಲ್ಲ, ಒಂದು ಕಾಯಿಲ್ಲ...

ಇಂಡಿಯಂಥ ನಿಂಬೆಯ ಸೀಮೆಯಲ್ಲಿದ್ದು, ಅಷ್ಟು ದೊಡ್ಡ ಗಿಡ ಇಟ್ಟುಕೊಂಡು, ಚಿತ್ರಾನ್ನಕ್ಕೆ ನಿಂಬೆಹಣ್ಣು ಕೇಳಲು ನಮ್ಮ ಮನೆಗೆ ಬರುತ್ತಿದ್ದಳು. ನಾನು ಕೊಡುತ್ತಿದ್ದೆ. ಜೊತೆಗೆ ಒಂದು ಚುಚ್ಚುಮಾತನ್ನೂ ಕೊಡುತ್ತಿದ್ದೆ.

ಒಂದು ದಿನ ಸೃಷ್ಟಿ ಶಾಲೆಯಿಂದ ಫಾರ್ಮ್ ತಂದಳು. ಧಾರವಾಡದಲ್ಲಿ ಐದು ದಿನದ ಗೈಡ್ಸ್ ಕ್ಯಾಂಪ್.

"ಸೂಜಿ ನಾನ ಹಾಕ್ಕೋತೀನಿ ಮಮ್ಮಿ... ಡಾಕ್ಟರ್ ಕಲಿಸ್ಯಾರಲ್ಲ. ಟೀಚರೂ ಜೋಡಿ ಇರ್ತಾರ."

"ನಾ ಇಲ್ದಾಗ ಏನರ ಆದ್ರ? ಸುಮ್ನ ಕೂಡು!"

ಫಾರ್ಮ್ ಫ್ರಿಜ್ಜಿನ ಮೇಲೆ ಸೇರಿತು.

ಪ್ರತಿ ಸೋಮವಾರ ನಮ್ಮ ಓಣಿಗೆ ನಿಂಬೆಹಣ್ಣು ಮಾರಲು ಭೌರವ್ವ ಬರುತ್ತಾಳೆ. ಎಪ್ಪತ್ತು ದಾಟಿದ ಅಜ್ಜಿ. ಊರ ಹೊರಗೆ ಅವಳದೇ ಸಣ್ಣ ನಿಂಬೆ ತೋಟವಿದೆ.

ಓಣಿಯ ತುದಿಯಲ್ಲಿ ಒಂದು ಸ್ಕೂಟರ್ ಹಾರ್ನ್ ಆಯಿತೆಂದರೆ ಅಜ್ಜಿ ಬಂದಳು ಎಂದೇ ಲೆಕ್ಕ. ಅದನ್ನು ಓಡಿಸುವವರು ಯಾರೆಂದು ನಾವ್ಯಾರೂ ಒಮ್ಮೆಯೂ ಹೋಗಿ ನೋಡಿರಲಿಲ್ಲ...

ಆ ಸೋಮವಾರ ಅಜ್ಜಿ ಕಸ್ತೂರಿಯ ಗಿಡದ ಬುಡಕ್ಕೆ ಕೈ ಹಾಕಿದಳು. ಬೆರಳಿಗೆಲ್ಲ ಕೆಸರು.

"ಗಿಡ ಭಾಳ ಚಂದ ಸಾಕೀ ತಂಗಿ. ಆದ್ರ ಇದಕ್ಕ ಒಂದ ದಿನಾನೂ ನೀರಡಿಕಿ ಆಗಾಕ ಬಿಟ್ಟಿಲ್ಲ ನೀ."

"ಮತ್ತ, ಒಣಗಿಸ್ಬೇಕೇನ ಆಯಿ?"

"ಹೌದು. ಇಪ್ಪತ್ತ ದಿನ ನೀರ ಬಂದ್ ಮಾಡು. ಎಲಿ ಬಾಡ್ತಾವ, ಒಂದಿಷ್ಟು ಉದುರ್ತಾವ... ಅಂಜಬ್ಯಾಡ. ಆಮ್ಯಾಲ ಗೊಬ್ಬರ ಹಾಕಿ ನೀರ ಕೊಡು, ಹೂ ಬಿಡ್ತೈತಿ. ಸಣ್ಣ ಸಸಿಗಿ ಹಿಂಗ ಮಾಡಬಾರ್ದು. ಇದು ಬೇರು ಬಿಟ್ಟ ಗಿಡ, ತಡೀತೈತಿ."

ಕಸ್ತೂರಿ ನೀರೇನೋ ನಿಲ್ಲಿಸಿದಳು. ಆದರೆ ದಿನಕ್ಕೆ ಹತ್ತು ಸಲ ಕಿಟಕಿಯಿಂದ ಇಣುಕುತ್ತಿದ್ದಳು.

ಹದಿನಾಲ್ಕನೇ ದಿನ ಮತ್ತೆ ಸೋಮವಾರ. ಎಲೆಗಳೆಲ್ಲ ಮುದುಡಿ ಜೋತುಬಿದ್ದಿದ್ದವು. ಕ್ಯಾಂಪಿನ ಫಾರ್ಮ್ ಕೊಡಲು ಅದೇ ಕೊನೆಯ ದಿನ.

ಕಸ್ತೂರಿಗೆ ತಡೆಯಲಾಗಲಿಲ್ಲ. ಬಕೆಟ್ ತುಂಬಿಕೊಂಡು ಬಂದೇಬಿಟ್ಟಳು.

"ಬಕೆಟ್ ಕೆಳಗಿಡು!" ಗೇಟಿನಲ್ಲಿ ಭೌರವ್ವ ನಿಂತಿದ್ದಳು.

"ನನ್ನ ಕಣ್ಣ ಮುಂದ ಸಾಯಾಕತ್ತೈತಿ ಆಯಿ... ಹೆಂಗ ನೋಡ್ಲಿ?" ಕಸ್ತೂರಿ ಅತ್ತೇಬಿಟ್ಟಳು. ಆ ಅಳು ಬರೀ ಗಿಡಕ್ಕಾಗಿ ಅಲ್ಲ ಎಂದು ಕಾಂಪೌಂಡಿನ ಈಚೆ ನಿಂತಿದ್ದ ನನಗೂ ಗೊತ್ತಾಯಿತು.

ಅಜ್ಜಿ ಮೆಟ್ಟಿಲ ಮೇಲೆ ಕೂತಳು.

"ನನಗೂ ಒಬ್ಬಾಕೀನ ಮಗಳು. ಎರಡ ವರ್ಷದಾಕಿ ಇದ್ದಾಗ ಪೋಲಿಯೋ ಆತು. ಹನ್ನೆರಡ ವರ್ಷ ಆಗೂತನಕ ಆಕೀನ ನೆಲಕ್ಕ ಇಳಿಸ್ಲಿಲ್ಲ ನಾ... ಬಗಲಾಗ ಹೊತ್ತೆ.

ಒಂದಿನ ತೋಟದಾಗ ನನ್ನ ನಡ ಹಿಡೀತು. ಇಳಿಸಿದೆ. ನಿಂಬಿ ಗಿಡ ಹಿಡಕೊಂಡ ಎದ್ದ ನಿಂತಳು. ಮುಳ್ಳು ಚುಚ್ಚಿ ಕೈಯಾಗ ರಕ್ತ... ಎತ್ಕೊಳ್ಳಾಕ ಓಡಿದೆ. 'ಬ್ಯಾಡ ಯವ್ವಾ' ಅಂದ್ಲು. ಮುಂದಿನ ಗಿಡಕ್ಕ ತಾನ ಹೋದ್ಲು.

ಹತ್ತ ವರ್ಷ ಆಕಿ ಕಾಲು ಕಟ್ಟಿ ಹಾಕಿದ್ದು ಪೋಲಿಯೋ ಅಷ್ಟ ಅಲ್ಲ ತಂಗಿ... ನಾನೂ."

"ಈಗ ಎಲ್ಲದಾಳ ಆಕಿ?"

ಅಜ್ಜಿ ಓಣಿಯ ತುದಿಗೆ ಕೈ ತೋರಿಸಿದಳು. "ವಾರಾ ವಾರಾ ನನ್ನ ಕರಕೊಂಡ ಬರೂದು ಯಾರ ಅಂತ ತಿಳಕೊಂಡಿ?"

ನಾವಿಬ್ಬರೂ ರಸ್ತೆಗೆ ಬಂದು ನೋಡಿದೆವು.

ಹಿಂದೆ ಎರಡು ಹೆಚ್ಚುವರಿ ಚಕ್ರ ಇರುವ ಸ್ಕೂಟರ್... ನಿಂಬೆಯ ಚೀಲ... ಪಕ್ಕದಲ್ಲಿ ಊರುಗೋಲು. ಅದರ ಮೇಲೆ ಕೂತ ಅಜ್ಜಿಯ ಮಗಳು, ನಲವತ್ತರ ಶಿವಲೀಲಾ, ಫೋನಿನಲ್ಲಿ ಯಾವನೋ ವ್ಯಾಪಾರಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಇಡೀ ತೋಟ ನಡೆಸುವವಳು ಅವಳೇ ಅಂತೆ! ಇಷ್ಟು ವರ್ಷ ಬರೀ ಹಾರ್ನ್ ಕೇಳಿಸಿಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಕಸ್ತೂರಿ ನೇರ ಮನೆಗೆ ನಡೆದಳು. ಒಳಗೆ ಹೋಗಿ ಫ್ರಿಜ್ಜಿನ ಮೇಲಿದ್ದ ಫಾರ್ಮ್ ತೆಗೆದಳು. ಸಹಿ ಹಾಕಿ ಅಂದೇ ಶಾಲೆಗೆ ಕೊಟ್ಟು ಬಂದಳು.

ಇಪ್ಪತ್ತು ದಿನ ತುಂಬಿದ ಮೇಲೆ ಗಿಡಕ್ಕೆ ಗೊಬ್ಬರ ಬಿತ್ತು, ನೀರು ಬಿತ್ತು. ಮುಂದಿನ ತಿಂಗಳು ಸೃಷ್ಟಿ ಕ್ಯಾಂಪಿಗೆ ಹೋದಳು. ಆ ಐದು ದಿನ ಕಸ್ತೂರಿ ಎಷ್ಟು ಫೋನ್ ಮಾಡಿದಳು ಎಂದು ಕೇಳಬೇಡಿ!

ಮಗಳು ವಾಪಸ್ ಬಂದಳು. ಚಪ್ಪಲಿ ಬಿಡುವ ಮೊದಲೇ ತಾಯಿಯ ಪ್ರಶ್ನೆ: "ಸೂಜಿ ಸರಿಯಾಗಿ ಹಾಕ್ಕೊಂಡಿ?"

"ಹಾಕ್ಕೊಂಡೆ ಮಮ್ಮಿ. ಅಲ್ಲೆ ನನ್ನಂಗ ಶುಗರ್ ಇದ್ದಾಕಿ ಇನ್ನೊಬ್ಬಾಕಿ ಇದ್ಲು. ಯಾರರ ನೋಡ್ಯಾರು ಅಂತ ಬಾತ್‌ರೂಮಿನಾಗ ಅಡಗಿ ಹಾಕ್ಕೊಂತಿದ್ಲು... ನಾ ಎಲ್ಲಾರ ಮುಂದ ಕೂತು ಹಾಕ್ಕೊಂಡೆ. ಮರುದಿನ ಆಕೀನೂ ನನ್ನ ಬಾಜೂ ಬಂದ ಕೂತ್ಲು."

ಕಸ್ತೂರಿ ಮಗಳನ್ನು ತಬ್ಬಿಕೊಂಡಳು. ಅವರ ಪಕ್ಕದಲ್ಲೇ ಆ ಗಿಡ ಕೊಂಬೆ ಕೊಂಬೆಗೂ ಬಿಳಿ ಹೂ ಬಿಟ್ಟು ನಿಂತಿತ್ತು. ಆ ಘಮ ನಮ್ಮ ಅಡುಗೆಮನೆಯವರೆಗೂ ಬಂತು.

ಐದಾರು ತಿಂಗಳು ಕಳೆದು, ಮೊನ್ನೆ ಕಸ್ತೂರಿ ನಮ್ಮ ಮನೆಗೆ ಬಂದಳು. ಸೆರಗಿನ ತುಂಬ ನಿಂಬೆಹಣ್ಣು. ಈ ಸಲ ಚುಚ್ಚುಮಾತು ಅವಳದು... ನಾನು ನಗುತ್ತಾ ಕೇಳಿಸಿಕೊಂಡೆ.

*ನೀರೆರೆಯುವುದು ಪ್ರೀತಿ... ಬೇರನ್ನು ನಂಬಿ ಕೈ ಹಿಂದೆ ತೆಗೆಯುವುದು ಅದಕ್ಕಿಂತ ದೊಡ್ಡ ಪ್ರೀತಿ.*

ನೀವು ಯಾರ ಬುಡಕ್ಕೆ ಇನ್ನೂ ದಿನಾ ಎರಡು ಬಕೆಟ್ ಸುರಿಯುತ್ತಿದ್ದೀರಿ...?